ಸೆವೆನ್ ಮಾದರಿಯ ಕಿಟ್ ಕಾರಿನಲ್ಲಿ ಪೆಟ್ರೋಲ್ ಪೈಪನ್ನು ಎಲ್ಲಿಂದ, ಹೇಗೆ ಒಯ್ಯಬೇಕು?

ನೀವು ಕೇಳಿರುವುದು ಇಷ್ಟು: ಇಂಗ್ಲೆಂಡಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಲೋಟಸ್ ಸೆವೆನ್ ಮಾದರಿಯ (ತಗ್ಗಾದ, ತೆರೆದ ಎರಡು ಸೀಟಿನ) ಕಿಟ್ ಕಾರು, ಅಂದರೆ ಬಿಡಿಭಾಗ ತಂದು ಜೋಡಿಸುವ ಕಾರು ಕಟ್ಟುತ್ತಿದ್ದೀರಿ, ಎಂಜಿನ್ ಫೋರ್ಡ್ ಜೆಟೆಕ್ 2.0 ಇಂಜೆಕ್ಷನ್, ಟ್ಯಾಂಕು ಹಿಂದಿದೆ. ಪೈಪು ಟನಲ್ (ಸೀಟುಗಳ ನಡುವಿನ ಉದ್ದನೆಯ ಸುರಂಗ) ಒಳಗೆ ಹೋಗಬೇಕೋ, ಫ್ಲೋರಿನ ಕೆಳಗೋ? ಉದ್ದಕ್ಕೂ ರಬ್ಬರ್ ಹೋಸನ್ನೇ ಎಳೆದರೆ ಆಗುವುದಿಲ್ಲವೇ?

ಟನಲ್ ಒಳಗೇ ಒಯ್ಯಿರಿ. ರಬ್ಬರ್ ಹೋಸು ಎರಡು ತುದಿಗಳಲ್ಲಿ ಮಾತ್ರ ಇರಲಿ. ನಡುವೆ ಲೋಹದ ಪೈಪು, ಅದೂ ಒಂದೇ ತುಂಡು. ಟನಲ್ ಒಳಗೆ ಒಂದೇ ಒಂದು ಜಾಯಿಂಟ್ ಕೂಡ ಬೇಡ, ಏಕೆಂದರೆ ಸೋರುವುದು ಜಾಯಿಂಟಿನಲ್ಲೇ, ಮತ್ತು ಟನಲ್ ಮುಚ್ಚಿದ ಮೇಲೆ ಆ ಸೋರಿಕೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಫ್ಲೋರಿನ ಕೆಳಗೆ ಯಾಕೆ ಬೇಡ ಎಂದರೆ, ಈ ಕಾರುಗಳು ನೆಲದಿಂದ ಒಂದು ಗೇಣೂ ಮೇಲಿರುವುದಿಲ್ಲ. ರೋಡ್ ಹಂಪಿಗೆ ಮೊದಲು ಉಜ್ಜುವುದೇ ಪೈಪು. ಬಾಡಿಯ ಪಕ್ಕದಲ್ಲಿ ಒಯ್ಯೋಣವೆಂದರೆ ಒಂದು ಕಡೆ ಎಕ್ಸಾಸ್ಟ್ ಇದೆ, ಇನ್ನೊಂದು ಕಡೆ ಯಾರಾದರೂ ಬಂದು ಗುದ್ದಿದರೆ ಮೊದಲು ಜಜ್ಜುವ ಜಾಗ ಅದು. ಉಳಿದದ್ದು ಟನಲ್. ಅಲ್ಲೂ ಅಪಾಯ ಇಲ್ಲವೆಂದಲ್ಲ: ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ತಿರುಗುತ್ತಿರುತ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದಾಗೆಲ್ಲ ಅಲುಗುತ್ತದೆ, ಬ್ಯಾಟರಿ ಹಿಂದಿದ್ದರೆ ಸ್ಟಾರ್ಟರಿನ ದಪ್ಪ ಕೇಬಲ್ಲೂ ಅಲ್ಲಿಂದಲೇ ಬರುತ್ತದೆ. ಈ ಮೂರರಿಂದಲೂ ಪೈಪನ್ನು ದೂರ ಇಡುವುದೇ ಇಡೀ ಕೆಲಸದ ತಿರುಳು.

ಟನಲಿನ ಒಂದು ಮೇಲ್ಮೂಲೆಯನ್ನು ಪೆಟ್ರೋಲಿಗೆ ಬಿಟ್ಟುಕೊಡಿ. ಬ್ಯಾಟರಿ ಕೇಬಲ್ ಮತ್ತು ಹ್ಯಾಂಡ್‌ಬ್ರೇಕ್ ಎದುರು ಬದಿಗೆ ಹೋಗಲಿ. ಸ್ಟಾರ್ಟರ್ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಅದರ ಪ್ಲಾಸ್ಟಿಕ್ ಸವೆದು ಪೆಟ್ರೋಲ್ ಪೈಪಿಗೆ ತಗುಲಿದರೆ ಕ್ಷಣದಲ್ಲಿ ಪೈಪು ತೂತಾಗಿ ಅದೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ಎರಡನ್ನೂ ಒಂದೇ ಕೇಬಲ್ ಟೈನಲ್ಲಿ ಕಟ್ಟಿರುವ ಕಾರುಗಳು ಇವೆ. ದಯವಿಟ್ಟು ಹಾಗೆ ಮಾಡಬೇಡಿ. ಶಾಫ್ಟಿಗೂ ಪೈಪಿಗೂ ಕನಿಷ್ಠ 30 ಮಿಮೀ ಅಂತರವಿರಲಿ. ಹಿಂದಿನದು ಲೈವ್ ಆಕ್ಸಲ್ (ಎರಡೂ ಚಕ್ರಗಳನ್ನು ಕೂಡಿಸುವ ಒಂದೇ ಗಟ್ಟಿ ಆಕ್ಸಲ್) ಆಗಿದ್ದರೆ ಆಕ್ಸಲನ್ನು ಜ್ಯಾಕ್‌ನಿಂದ ಬಂಪ್ ಸ್ಟಾಪ್ (ಅದು ಮೇಲೇರುವುದನ್ನು ತಡೆಯುವ ರಬ್ಬರು) ತಾಗುವವರೆಗೆ ಎತ್ತಿ ಅಳೆಯಿರಿ. ಕಾರು ಸುಮ್ಮನೆ ನಿಂತಾಗ ಕಾಣುವ ಅಂತರ, ಗುಂಡಿಗೆ ಇಳಿದಾಗ ಇರುವುದಿಲ್ಲ. ಶಾಫ್ಟಿನ ಮುಂದಿನ ಯೂನಿವರ್ಸಲ್ ಜಾಯಿಂಟ್ ಬಳಿ ಒಂದು ಉಕ್ಕಿನ ಬಳೆ ಹಾಕಿಸಿ, ಜಾಯಿಂಟ್ ಮುರಿದರೂ ಶಾಫ್ಟು ಬೀಸಾಡಿ ಪೈಪನ್ನು ಕತ್ತರಿಸುವುದಿಲ್ಲ. ಎಕ್ಸಾಸ್ಟಿನಿಂದ 100 ಮಿಮೀ ದೂರ ಸಿಗದ ಕಡೆ ನಡುವೆ ಅಲ್ಯುಮಿನಿಯಂ ತಗಡಿನ ಮರೆ ಹಾಕಿ. ತಗಡಿಗೂ ಪೈಪಿಗೂ ನಡುವೆ ಗಾಳಿಯಾಡಲು ಜಾಗ ಬಿಡಿ.

ಪೈಪು 8 ಮಿಮೀ ಹೊರ ವ್ಯಾಸದ ಕುಪ್ರೊ-ನಿಕಲ್ (ತಾಮ್ರ-ನಿಕಲ್ ಮಿಶ್ರಲೋಹ) ತೆಗೆದುಕೊಳ್ಳಿ. ಬರಿ ತಾಮ್ರ ಬಗ್ಗಿಸಲು ಸುಲಭ, ಆದರೆ ನಡುಕಕ್ಕೆ ಗಡಸಾಗಿ ಬಿರುಕು ಬಿಡುತ್ತದೆ, ಪೆಟ್ರೋಲು ಬೇಗ ಅಂಟಂಟಾಗಲೂ ತಾಮ್ರ ಕಾರಣ. ಎಂಜಿನ್ ಬಳಸದೆ ಉಳಿದ ಪೆಟ್ರೋಲನ್ನು ಹಿಂದಕ್ಕೆ ತರುವ ರಿಟರ್ನ್ ಪೈಪಿಗೂ 8 ಮಿಮೀ ಹಾಕಿ. 6 ಸಾಕು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. 150 ಅಶ್ವಶಕ್ತಿ ಪೂರ್ತಿ ಎಳೆಯುವಾಗಲೂ ಎಂಜಿನ್ ಕುಡಿಯುವುದು ಗಂಟೆಗೆ ಸುಮಾರು 45–50 ಲೀಟರ್. ಪಂಪು ತಳ್ಳುವುದು ಅದರ ಎರಡು ಪಟ್ಟಿಗೂ ಹೆಚ್ಚು. ಐಡಲ್‌ನಲ್ಲಂತೂ ಹೆಚ್ಚುಕಮ್ಮಿ ಎಲ್ಲವೂ ವಾಪಸ್ ಬರಬೇಕು. ರಿಟರ್ನ್ ಸಣ್ಣದಾದರೆ ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಎಷ್ಟೇ ತೆರೆದರೂ ಒತ್ತಡ ಇಳಿಯದೆ, ಎಂಜಿನ್ ಐಡಲ್‌ನಲ್ಲಿ ರಿಚ್ ಆಗಿ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲಿನಲ್ಲಿ ಓಡುತ್ತದೆ. ಆಮೇಲೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಕಾಗುತ್ತದೆ.

ಬಗ್ಗಿಸುವ ಮೊದಲು 3 ಮಿಮೀ ವೆಲ್ಡಿಂಗ್ ಕಂಬಿಯಲ್ಲಿ ದಾರಿ ಮಾಡಿ ನೋಡಿ. ಕಂಬಿಯನ್ನು ಟನಲಿನಲ್ಲಿಟ್ಟು ಆಕಾರ ತಂದು, ಹೊರತೆಗೆದು ಬೆಂಚಿನ ಮೇಲಿಟ್ಟು, ಪೈಪನ್ನು ಅದಕ್ಕೆ ಸರಿಯಾಗಿ ಬೆಂಡರ್‌ನಲ್ಲಿ ಬಗ್ಗಿಸಿ. ತಿರುವಿನ ತ್ರಿಜ್ಯ 25 ಮಿಮೀಗಿಂತ ಕಡಿಮೆಯಾದರೆ ಪೈಪು ಚಪ್ಪಟೆಯಾಗುತ್ತದೆ. ಹ್ಯಾಕ್ಸಾ ಬೇಡ, ಪೈಪ್ ಕಟರಿನಲ್ಲೇ ಕತ್ತರಿಸಿ, ಒಳಗಿನ ಅಂಚನ್ನು ಕೆರೆದು, ಗಾಳಿ ಊದಿ. ಗರಗಸದ ಒಂದು ಚೂರು ಸಾಕು ಇಂಜೆಕ್ಟರ್ ಕಟ್ಟಿಕೊಳ್ಳಲು. ಎರಡೂ ಸೇರಿ ಸುಮಾರು 6 ಮೀಟರ್ ಪೈಪು, ರಬ್ಬರ್ ಇರುವ ಪಿ-ಕ್ಲಿಪ್ಪು (ಪೈಪನ್ನು ಸುತ್ತಿ ಹಿಡಿಯುವ, ‘P’ ಆಕಾರದ ಪಟ್ಟಿ) ಎರಡು ಡಜನ್ ಬೇಕಾಗುತ್ತದೆ. ಕ್ಲಿಪ್ಪು 250 ಮಿಮೀಗೊಂದು, ತಿರುವಿನ ಎರಡೂ ಬದಿಗೆ ಒಂದೊಂದು. ನಿಮ್ಮ ಐವಿಎ (ಕಾರು ರಸ್ತೆಗಿಳಿಯುವ ಮೊದಲು ಬ್ರಿಟನ್ನಿನಲ್ಲಿ ನಡೆಯುವ ಸರ್ಕಾರಿ ತಪಾಸಣೆ) ಪರೀಕ್ಷಕರು ಕೈಯಿಂದ ಅಲುಗಿಸಿ ನೋಡಿದರೆ ಪೈಪು ಜಗ್ಗಬಾರದು, ಎಲ್ಲೂ ಉಜ್ಜುತ್ತಿರಬಾರದು. ತಗಡಿನ ತೂತಿನಲ್ಲಿ ಹಾದುಹೋಗುವಲ್ಲೆಲ್ಲ ಗ್ರೋಮೆಟ್ ಕಡ್ಡಾಯ. ಇದೆಲ್ಲ ಟನಲಿನ ಮೇಲ್ಭಾಗಕ್ಕೆ ರಿವೆಟ್ ಹೊಡೆಯುವ ಮೊದಲೇ ಮುಗಿಯಬೇಕು.

ತುದಿಗಳ ವಿಷಯದಲ್ಲಿ ತುಸು ನಿಧಾನಿಸಿ, ಹೆಚ್ಚಿನವರು ಎಡವುವುದು ಇಲ್ಲೇ. ಇಂಜೆಕ್ಷನ್ ಲೈನಿನಲ್ಲಿ 3 ಬಾರ್ ಒತ್ತಡವಿದೆ. ವೆಬರ್ ಕಾರ್ಬ್ಯುರೇಟರಿಗೆ ಬೇಕಾಗುವುದು 0.2 ಬಾರ್ ಅಷ್ಟೇ. ಅಲ್ಲಿ ನಡೆಯುವ ಸಡಿಲ ಕೆಲಸ ಇಲ್ಲಿ ನಡೆಯುವುದಿಲ್ಲ. ನುಣುಪಾದ ಪೈಪಿನ ಮೇಲೆ ಹೋಸು ತೂರಿಸಿ ಕ್ಲಿಪ್ಪು ಬಿಗಿದರೆ ಒಂದು ದಿನ ಅದು ಜಾರಿ ಹೊರಬರುತ್ತದೆ. ಬ್ರೇಕ್ ಪೈಪಿನ ತುದಿಯನ್ನು ಅಗಲಿಸುವ (ಫ್ಲೇರ್ ಮಾಡುವ) ಟೂಲಿನ 8 ಮಿಮೀ ಡೈಯಲ್ಲಿ ಮೊದಲ ಒತ್ತು ಮಾತ್ರ ಕೊಟ್ಟರೆ ಪೈಪಿನ ತುದಿಯಲ್ಲಿ ಒಂದು ಉಬ್ಬು ಏಳುತ್ತದೆ. ಹೋಸನ್ನು ಉಬ್ಬು ದಾಟಿಸಿ 25 ಮಿಮೀ ಒಳಗೆ ತಳ್ಳಿ, ಕ್ಲಿಪ್ಪನ್ನು ಉಬ್ಬಿನ ಮೇಲಲ್ಲ, ಅದರ ಹಿಂದೆ ಮೂರು ನಾಲ್ಕು ಮಿಮೀ ಬಿಟ್ಟು ಬಿಗಿಯಿರಿ. ಸೀಳು ಹಲ್ಲುಗಳಿರುವ ಸಾಮಾನ್ಯ ಹೋಸ್ ಕ್ಲಿಪ್ಪು ರಬ್ಬರನ್ನು ಕತ್ತರಿಸುತ್ತದೆ. ನಟ್ಟು-ಬೋಲ್ಟಿನಿಂದ ಬಿಗಿಯುವ, ಪಟ್ಟಿ ನುಣುಪಾಗಿರುವ ಇಂಜೆಕ್ಷನ್ ಕ್ಲಿಪ್ಪನ್ನೇ ಕೇಳಿ ತನ್ನಿ.

ಹೋಸಿನ ಮೈಮೇಲೆ ಎಸ್‌ಎಇ ಜೆ30 ಆರ್9 (SAE J30 R9, ಇಂಜೆಕ್ಷನ್ ಹೋಸಿನ ದರ್ಜೆ) ಎಂದು ಅಚ್ಚಾಗಿರಬೇಕು. ಆರ್6 ಕಾರ್ಬ್ಯುರೇಟರಿನ ಕಡಿಮೆ ಒತ್ತಡಕ್ಕೆ ಮಾಡಿದ್ದು. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲೇ ಮುಳುಗಿರುವ ತುಂಡಿಗೆ ಆರ್10 ಬೇಕು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲೇ ಇ10 (ಶೇ. 10ರವರೆಗೆ ಎಥನಾಲ್ ಬೆರೆತದ್ದು), ಇಲ್ಲಿ ಭಾರತದ ಬಂಕುಗಳಲ್ಲಿ ಇ20. ಹಳೆಯ ನೈಟ್ರೈಲ್ ರಬ್ಬರನ್ನು ಎಥನಾಲ್ ಒಳಗಿನಿಂದ ತಿನ್ನುತ್ತದೆ, ಹೊರಗೆ ಹೊಸದರಂತೆ ಕಂಡರೂ ಬಗ್ಗಿಸಿದಾಗ ಬಿರಿಯುತ್ತದೆ. ಬೆಂಗಳೂರಿನಲ್ಲಿ ಹಳೆ ಗಾಡಿ ಎಬ್ಬಿಸುತ್ತಿರುವವರಿಗೂ ಇದೇ ಮಾತು. ಸ್ಟೀಲ್ ಹೆಣಿಗೆಯ ಹೋಸು ನೋಡಲು ಚೆಂದ, ಆದರೆ ತಾಗಿದ್ದನ್ನೆಲ್ಲ ಅರದಂತೆ ಸವೆಸುತ್ತದೆ, ಒಳಗಿನ ರಬ್ಬರಿನ ಸ್ಥಿತಿಯನ್ನೂ ಮುಚ್ಚಿಡುತ್ತದೆ. ಎಂಜಿನ್ ಮೌಂಟಿನ ಮೇಲೆ ಅಲುಗುವುದರಿಂದ ಚಾಸಿ ಪೈಪಿನಿಂದ ರೇಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಕೊಳವೆ) 200–300 ಮಿಮೀ ಹೋಸು ಬೇಕು. ಅದು ಬಿಗಿಯಾಗಿ ಎಳೆದಿರಬಾರದು.

ಟ್ಯಾಂಕಿನ ಕಡೆ ಮುಖ್ಯವಾದ ಸಂಗತಿ: ಅಧಿಕ ಒತ್ತಡದ ಪಂಪಿಗೆ ತಳ್ಳಲು ಬರುತ್ತದೆ, ಹೀರಲು ಬರುವುದಿಲ್ಲ. ಅದನ್ನು ಹಿಂದೆಯೇ, ಪೆಟ್ರೋಲು ತಾನಾಗಿ ಇಳಿದು ಬರುವಷ್ಟು ಕೆಳಗೆ ಕೂರಿಸಿ, ಹೀರುವ ಹೋಸು 12 ಮಿಮೀ ಇರಲಿ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿಗೇ ಕುದಿಯತೊಡಗುತ್ತವೆ. ಹೀರುವ ಕಡೆ ಒತ್ತಡ ಇಳಿದರೆ ಅದಕ್ಕೂ ಮೊದಲೇ ಗುಳ್ಳೆ ಏಳುತ್ತದೆ. ಪಂಪಿಗೆ ಮೊದಲು ಜಾಲರಿಯ ಒರಟು ಫಿಲ್ಟರು, ಪಂಪಿನ ನಂತರ 10 ಮೈಕ್ರಾನಿನದು. ಈ ಸೂಕ್ಷ್ಮ ಫಿಲ್ಟರನ್ನು ಪಂಪಿಗೆ ಮೊದಲು ಹಾಕಿದರೆ ಪಂಪು ಕಿರುಚಿ ಕಿರುಚಿ ಸಾಯುತ್ತದೆ. ಸೆವೆನ್ ಟ್ಯಾಂಕು ಅಗಲ, ಆಳ ಕಡಿಮೆ. ಅರ್ಧ ಟ್ಯಾಂಕಿನಲ್ಲಿ ಜೋರಾಗಿ ತಿರುವು ತೆಗೆದುಕೊಂಡರೆ ಪೆಟ್ರೋಲೆಲ್ಲ ಒಂದು ಬದಿಗೆ ಹೋಗಿ ಪಂಪು ಗಾಳಿ ಕುಡಿಯುತ್ತದೆ. ಟ್ಯಾಂಕಿನೊಳಗೆ ಬ್ಯಾಫಲ್ (ಪೆಟ್ರೋಲು ಪಕ್ಕಕ್ಕೆ ಓಡದಂತೆ ತಡೆಯುವ ತಡೆಗೋಡೆ) ಇಲ್ಲದಿದ್ದರೆ ಒಂದೂವರೆ ಲೀಟರಿನ ಸ್ವರ್ಲ್ ಪಾಟ್ (ಪಂಪಿಗೆ ಸದಾ ಪೆಟ್ರೋಲು ಸಿಗುವಂತೆ ಇಡುವ ಪುಟ್ಟ ಡಬ್ಬಿ) ಮತ್ತು ಅದನ್ನು ತುಂಬಲು ಒಂದು ಸಣ್ಣ ಲಿಫ್ಟ್ ಪಂಪು ಬೇಕೇ ಬೇಕು. ಪಾಟ್‌ನ ತಳದಿಂದ ದೊಡ್ಡ ಪಂಪಿಗೆ, ನೆತ್ತಿಯಿಂದ ಟ್ಯಾಂಕಿಗೆ, ರೇಲಿನ ರಿಟರ್ನ್ ಪಾಟ್‌ಗೇ ಬರಲಿ. ಟ್ಯಾಂಕಿನ ವೆಂಟಿಗೆ (ಗಾಳಿಯಾಡುವ ತೂತಿಗೆ) ರೋಲ್‌ಓವರ್ ವಾಲ್ವ್, ಅಂದರೆ ಕಾರು ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಹಾಕಿ.

ಪಂಪಿನ ಕರೆಂಟು ಇಸಿಯು ರಿಲೇ ಮತ್ತು ಇನರ್ಷಿಯಾ ಸ್ವಿಚ್ (ಡಿಕ್ಕಿಯಾದಾಗ ಕರೆಂಟು ಕಡಿಯುವ ಸ್ವಿಚ್) ಎರಡನ್ನೂ ದಾಟಿ ಬರಬೇಕು. ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು.

ಪೆಟ್ರೋಲು ತುಂಬುವ ಮೊದಲು ಪೈಪನ್ನು ಟ್ಯಾಂಕಿನಿಂದಲೂ ರೇಲಿನಿಂದಲೂ ಬಿಡಿಸಿ, ಒಂದು ತುದಿ ಮುಚ್ಚಿ, ಗಾಲಿಗೆ ಗಾಳಿ ಹೊಡೆಯುವ ಪಂಪಿನಲ್ಲಿ 4 ಬಾರ್ ತುಂಬಿ, ಜಾಯಿಂಟುಗಳಿಗೆ ಸೋಪು ನೀರು ಹಚ್ಚಿ ಅರ್ಧ ಗಂಟೆ ಬಿಡಿ. ಮುಳ್ಳು ಕದಲಬಾರದು. ಟ್ಯಾಂಕನ್ನು ಸೇರಿಸಿಕೊಂಡು ಈ ಪರೀಕ್ಷೆ ಮಾಡಬೇಡಿ, ತಗಡಿನ ಟ್ಯಾಂಕು ಉಬ್ಬಿ ಬಿರಿಯುತ್ತದೆ. ನಂತರ ಕಾರನ್ನು ಹೊರಗೆ ತಳ್ಳಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಐದು ಲೀಟರ್ ಹಾಕಿ ಎಂಜಿನ್ ಶುರು ಮಾಡದೆ ಪಂಪನ್ನಷ್ಟೇ ಓಡಿಸಿ. ಗ್ಯಾರೇಜಿನ ಒಳಗೆ ಬೇಡ: ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಬಾಯ್ಲರ್ ಇರುವ ಮೂಲೆ ಹುಡುಕಿಕೊಂಡು ಹೋಗುತ್ತದೆ. ಪ್ರತಿ ಜಾಯಿಂಟಿಗೂ ಬಿಳಿ ಟಿಶ್ಯೂ ಒತ್ತಿ ನೋಡಿ, ಕಣ್ಣಿಗೆ ಕಾಣದ ಒದ್ದೆ ಅದರಲ್ಲಿ ಕಾಣುತ್ತದೆ. ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ ಆರಿದ ಮೇಲೆ ಹೋಸ್ ಕ್ಲಿಪ್ಪುಗಳನ್ನೆಲ್ಲ ಮತ್ತೊಮ್ಮೆ ಬಿಗಿಯಿರಿ, ಹೊಸ ರಬ್ಬರ್ ಮೊದಲ ಬಿಸಿಗೆ ಸ್ವಲ್ಪ ಕುಗ್ಗಿರುತ್ತದೆ.