ಬೆಳಿಗ್ಗೆ ಸಮುದ್ರದಾಳ, ರಾತ್ರಿ ವಿಮಾನ: ಬೇಡ

ಡೈವಿಂಗ್ ಅಪಘಾತಗಳಿಗೆ ಚಿಕಿತ್ಸೆ ಕೊಡುವುದು ನನ್ನ ವೃತ್ತಿ. ರಜೆಯ ತಿಂಗಳು ಹತ್ತಿರವಾದಂತೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ. ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸುವುದರಿಂದ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಸಲಕರಣೆ ತೊಡುವುದು ಹೇಗೆ, ಉಸಿರಾಡುವುದು ಹೇಗೆ ಎಂಬುದನ್ನು ನಿಮ್ಮ ತರಬೇತುದಾರರಿಂದ ಕಲಿಯಿರಿ.

ವಿದೇಶ ಪ್ರವಾಸದ ಕೊನೆಯ ದಿನ ಬೆಳಿಗ್ಗೆ ಸ್ಕೂಬಾ ಡೈವಿಂಗ್ ಇಟ್ಟುಕೊಂಡಿದ್ದೇವೆ, ರಾತ್ರಿ ಎಂಟಕ್ಕೆ ವಿಮಾನ. ಹನ್ನೆರಡು ಮೀಟರ್ ಆಳಕ್ಕಷ್ಟೇ ಇಳಿಯುವುದು, ಏನೂ ಆಗುವುದಿಲ್ಲ ಎಂದು ಅಲ್ಲಿನ ಗೈಡ್ ಹೇಳಿದ್ದಾರೆ. ಸರಿಯೇ?

ಸರಿಯಲ್ಲ. ಡೈವ್ ಅನ್ನು ಪ್ರವಾಸದ ಮೊದಲ ದಿನಗಳಿಗೆ ತಂದುಕೊಳ್ಳಿ, ಆಗದಿದ್ದರೆ ಕೈಬಿಡಿ.

ಹತ್ತು ಮೀಟರ್ ಆಳದಲ್ಲೇ ಮೈಮೇಲಿನ ಒತ್ತಡ ದಡದಲ್ಲಿರುವುದರ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಒಳಗೆಳೆದ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳ ಸುತ್ತಲಿನ ಅಂಗಾಂಶಗಳಲ್ಲಿ ಕರಗಿ ಸೇರಿಕೊಳ್ಳುತ್ತದೆ. ನೀವು ಮೇಲೆ ಬಂದು ಮೈ ಒರೆಸಿಕೊಂಡ ಮಾತ್ರಕ್ಕೆ ಅದು ಹೋಗಿಬಿಡುವುದಿಲ್ಲ. ಉಸಿರಿನ ಮೂಲಕ ಹೊರಬೀಳಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಒತ್ತಡ ಇನ್ನೂ ಕಡಿಮೆಯಾದರೆ ಕರಗಿದ್ದ ಸಾರಜನಕ ಗುಳ್ಳೆಗಳಾಗುತ್ತದೆ. ವಿಮಾನದೊಳಗೆ ನೆಲಮಟ್ಟದ ಒತ್ತಡವೇ ಇರುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಇರುವುದಿಲ್ಲ. ಕ್ಯಾಬಿನ್‌ನ ಒತ್ತಡ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. 8,000 ಅಡಿಯಲ್ಲಿ ಅದು ಸಮುದ್ರಮಟ್ಟದ ಸುಮಾರು ಮುಕ್ಕಾಲು ಪಾಲು ಮಾತ್ರ.

ಡೈವರ್‌ಗಳ ಸುರಕ್ಷತೆಗಾಗಿ ದುಡಿಯುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ 2002ರಲ್ಲಿ ಸೇರಿಸಿದ ತಜ್ಞರ ಸಭೆಯಿಂದ ಬಂದ ನಿಯಮವೇ ಇಂದಿಗೂ ಬಳಕೆಯಲ್ಲಿದೆ. ವಿಮಾನ ಹತ್ತುವ ಮುನ್ನ ಕಾಯಬೇಕಾದದ್ದು ಇಷ್ಟು: ನಿಲುಗಡೆಯ (ಸಾರಜನಕ ಹೊರಹೋಗಲೆಂದು ಮೇಲೆ ಬರುವ ದಾರಿಯಲ್ಲಿ ಕಡ್ಡಾಯವಾಗಿ ತಂಗುವುದು) ಅಗತ್ಯವಿಲ್ಲದ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಡೈವ್ ಅಥವಾ ಸತತ ಹಲವು ದಿನ ಆದರೆ ಕನಿಷ್ಠ 18 ಗಂಟೆ, ನಿಲುಗಡೆ ಬೇಕಾದ ಡೈವ್ ಆದರೆ ಅದಕ್ಕಿಂತ ಬಹಳ ಹೆಚ್ಚು. ಇವು ಕನಿಷ್ಠ ಅಂಕಿಗಳು. ಇಷ್ಟು ಕಾದವರಿಗೆ ಅಪಾಯ ಕಡಿಮೆಯೇ ಹೊರತು ಇಲ್ಲವೆಂದಲ್ಲ. ನಾನು ಎಲ್ಲರಿಗೂ ಹೇಳುವುದು 24 ಗಂಟೆ. ಅತಿಯಾಯಿತೆಂದು ಬೇಸರಪಟ್ಟುಕೊಳ್ಳುವವರಿದ್ದಾರೆ, ಪಟ್ಟುಕೊಳ್ಳಲಿ. ಪ್ರವಾಸದಲ್ಲಿ ಒಂದು ಡೈವ್ ಎಂದು ಹೊರಟವರು ಎರಡು ಮುಗಿಸಿ ಬರುತ್ತಾರೆ, ಬಿಸಿಲಲ್ಲಿ ನೀರು ಕುಡಿಯದೆ ಬಳಲಿರುತ್ತಾರೆ. ಜೊತೆಗೆ, ಸುಮಾರು ನಾಲ್ವರಲ್ಲಿ ಒಬ್ಬರ ಹೃದಯದ ಮೇಲಿನ ಕೋಣೆಗಳ ನಡುವೆ ಹುಟ್ಟಿನ ಸಣ್ಣ ಕಿಂಡಿ ಮುಚ್ಚದೆ ಉಳಿದಿರುತ್ತದೆ. ಶ್ವಾಸಕೋಶ ತಡೆಹಿಡಿಯಬೇಕಿದ್ದ ಗುಳ್ಳೆಗಳು ಆ ಕಿಂಡಿಯಿಂದ ನುಸುಳಿ ಮೆದುಳಿಗೆ ಹೋಗಬಹುದು. ನಿಮಗೆ ಅದು ಇದೆಯೋ ಇಲ್ಲವೋ ನಿಮಗೇ ಗೊತ್ತಿರುವುದಿಲ್ಲ, ಗೈಡ್‌ಗಂತೂ ಗೊತ್ತಿರಲು ಸಾಧ್ಯವೇ ಇಲ್ಲ.

ವಿಮಾನವನ್ನು ಮುಂದೂಡಿದವರೂ ಬೆಟ್ಟವನ್ನು ಮರೆಯುತ್ತಾರೆ. ಹವಾಯಿಯ ಮೌನಾ ಕೇಯಾ 4,205 ಮೀಟರ್ ಎತ್ತರವಿದೆ; ಕಡಲತೀರದಿಂದ ಕೆಲವೇ ಗಂಟೆಗಳಲ್ಲಿ ವಾಹನದಲ್ಲಿ ತುದಿ ಮುಟ್ಟಬಹುದು. ಡೈವ್ ಮಾಡಿ 24 ಗಂಟೆ ಕಳೆಯದವರು ಮೇಲೆ ಹೋಗಬಾರದೆಂದು ಅಲ್ಲೇ ಎಚ್ಚರಿಸುತ್ತಾರೆ. ಸ್ಪೇನ್‌ನ ಟೆನೆರೀಫ್ ದ್ವೀಪದ ಟೇಡೆ ಪರ್ವತದ ಕೇಬಲ್ ಕಾರು ಸುಮಾರು 3,500 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ವಿಮಾನದ ಕ್ಯಾಬಿನ್‌ಗಿಂತ ಒತ್ತಡ ಅಲ್ಲಿ ಇನ್ನೂ ಕಡಿಮೆ. ಸ್ಕೈಡೈವಿಂಗ್‌ನದೂ ಇದೇ ಕಥೆ: ಹಾರುವ ಎತ್ತರ ಸಾಮಾನ್ಯವಾಗಿ 10,000 ಅಡಿ ದಾಟಿರುತ್ತದೆ, ಆ ಸಣ್ಣ ವಿಮಾನಗಳಲ್ಲಿ ಒತ್ತಡ ಕಾಯುವ ವ್ಯವಸ್ಥೆಯೇ ಇರುವುದಿಲ್ಲ. ಬಿಸಿಗಾಳಿ ಬಲೂನು, ಪ್ಯಾರಾಗ್ಲೈಡಿಂಗ್, ಹೆಲಿಕಾಪ್ಟರ್ ಸುತ್ತಾಟ ಎಲ್ಲಕ್ಕೂ ಕಾಯುವ ನಿಯಮ ಅದೇ. ಎತ್ತರದ ಸಾಹಸಗಳೆಲ್ಲ ಮೊದಲು ಮುಗಿಯಲಿ, ಆಮೇಲೆ ನೀರು, ಆಮೇಲೆ ಒಂದು ಪೂರ್ತಿ ದಿನ ನೆಲದ ಮೇಲೆ.

ಈಗ ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ. ಡೈವ್ ಮಾಡಿದವರಿಗೆ ಈ ಗುಳ್ಳೆಗಳಿಂದ ಭುಜ ನೋಯುತ್ತದೆ, ಕಾಲು ಜುಮ್ಮೆನ್ನುತ್ತದೆ, ಚರ್ಮದ ಮೇಲೆ ಮಚ್ಚೆಮಚ್ಚೆಯಾಗಿ ಬಣ್ಣ ಏಳುತ್ತದೆ, ವಿಪರೀತ ಸುಸ್ತಾಗುತ್ತದೆ. ಪಕ್ಕದಲ್ಲಿದ್ದವರು ನೋವಿನ ಮಾತ್ರೆ ಕೊಟ್ಟು, ಎಣ್ಣೆ ಹಚ್ಚಿ ತಿಕ್ಕಿ ಮಲಗಿಸುತ್ತಾರೆ. ಮಾತ್ರೆ ನೋವನ್ನು ಮುಚ್ಚಿಡುತ್ತದೆ, ಗುಳ್ಳೆ ಅಲ್ಲೇ ಇರುತ್ತದೆ. ಇನ್ನು ಕೆಲವರು ‘ಇನ್ನೊಮ್ಮೆ ನೀರಿಗಿಳಿದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಕೈಕಾಲು ಸೋಲುತ್ತಿರುವವರನ್ನು ಮತ್ತೆ ಆಳಕ್ಕೆ ಕಳಿಸುವವರು ಗುಣಪಡಿಸುತ್ತಿಲ್ಲ, ಕೊಲ್ಲುತ್ತಿದ್ದಾರೆ. ಲಕ್ಷಣ ಕಂಡ ಕೂಡಲೇ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಡಿಸಿ, ರಿಕಂಪ್ರೆಷನ್ ಚೇಂಬರ್ (ಒಳಗಿನ ಗಾಳಿಯ ಒತ್ತಡ ಏರಿಸಬಲ್ಲ ಮುಚ್ಚಿದ ಕೋಣೆ) ಇರುವ ಆಸ್ಪತ್ರೆಗೆ ಒಯ್ಯಿರಿ. ಆಮ್ಲಜನಕದಲ್ಲಿ ನೋವು ಇಳಿಯಿತೆಂದು ಅರ್ಧದಾರಿಯಲ್ಲಿ ವಾಪಸ್ ಬರಬೇಡಿ. ಚೇಂಬರ್‌ನಲ್ಲಿ 18 ಮೀಟರ್ ಆಳಕ್ಕೆ ಸಮನಾದ ಒತ್ತಡಕ್ಕೆ ಒಯ್ದು, ಆಮ್ಲಜನಕ ಕೊಡುತ್ತಾ ನಿಧಾನವಾಗಿ ಇಳಿಸುವ ಸಾಮಾನ್ಯ ಚಿಕಿತ್ಸೆಗೇ ಸುಮಾರು ಐದು ಗಂಟೆ ಹಿಡಿಯುತ್ತದೆ. ಅಂಥ ಚೇಂಬರ್ ಪ್ರತಿ ದ್ವೀಪದಲ್ಲೂ ಇರುವುದಿಲ್ಲ. ಹತ್ತಿರದ್ದು ಎಲ್ಲಿದೆ ಎಂದು ಹಣ ಕಟ್ಟುವ ಮುನ್ನ ಕೇಳಿ. ಉತ್ತರ ಗೊತ್ತಿಲ್ಲದವರ ಜೊತೆ ನೀರಿಗೆ ಇಳಿಯಬೇಡಿ.

ಸ್ನಾರ್ಕೆಲಿಂಗ್ ಮಾಡಿದರೂ ಕಾಯಬೇಕೇ?

ಬೇಡ.

ಚಿಕ್ಕಂದಿನಿಂದ ಅಸ್ತಮಾ ಇದೆ. ಆರೋಗ್ಯದ ಫಾರ್ಮ್‌ನಲ್ಲಿ ‘ಇಲ್ಲ’ ಎಂದು ಗುರುತು ಹಾಕಿದರೆ ನಡೆಯುತ್ತದೆಂದು ಸ್ನೇಹಿತರು ಹೇಳುತ್ತಾರೆ.

ಅವರ ಮಾತು ಕೇಳಬೇಡಿ. ಕಿರಿದಾದ ಶ್ವಾಸನಾಳದ ಹಿಂದೆ ಸಿಕ್ಕಿಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಹೊರಡುವ ಮೊದಲು ಉಸಿರಾಟದ ಪರೀಕ್ಷೆ ಮಾಡಿಸಿ, ವೈದ್ಯರು ಒಪ್ಪಿದರೆ ಹೋಗಿ.

ಬಿಪಿ ಇದೆ, ಕಣ್ಣಿನ ರೆಟಿನಾಗೆ ಲೇಸರ್ ಆಗಿದೆ. ಬಂಜಿ ಜಂಪಿಂಗ್ ಮಾಡಬಹುದೇ?

ಖಂಡಿತ ಬೇಡ. ಆರೋಗ್ಯವಂತರಲ್ಲೂ ಬಂಜಿ ಜಿಗಿತದ ನಂತರ ರೆಟಿನಾದಲ್ಲಿ ರಕ್ತಸ್ರಾವ ಆದದ್ದು ದಾಖಲಾಗಿದೆ.

ಕಿಲಿಮಂಜಾರೋ ಐದು ದಿನದಲ್ಲಿ ಹತ್ತಿ ಇಳಿಯುವ ಯೋಜನೆ. ಬೆಳ್ಳುಳ್ಳಿ ಮತ್ತು ಆಮ್ಲಜನಕದ ಸಣ್ಣ ಕ್ಯಾನ್ ಸಾಕೇ?

ಎರಡನ್ನೂ ಮಾರುವವರಿಗೆ ಮಾತ್ರ ಲಾಭ. 5,895 ಮೀಟರ್ ಎತ್ತರಕ್ಕೆ ದೇಹ ಒಗ್ಗಲು ದಿನಗಳೇ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಏಳೆಂಟು ದಿನದ ದಾರಿ ಹಿಡಿಯಿರಿ.

ನೆಗಡಿಯಾಗಿದೆ, ಡೈವಿಂಗ್‌ಗೆ ಹಣ ಕಟ್ಟಿಯಾಗಿದೆ. ಮೂಗಿಗೆ ಸ್ಪ್ರೇ ಹಾಕಿಕೊಂಡು ಇಳಿಯಲೇ?

ಬೇಡ. ಸ್ಪ್ರೇಯ ಪರಿಣಾಮ ನೀರಿನಡಿಯಲ್ಲೇ ಮುಗಿದರೆ ಕಿವಿಯೊಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ, ನಿಮಗೋ ಮೇಲೆ ಬರದೆ ಗತ್ಯಂತರವಿಲ್ಲ. ಹಣ ಹೋಗಲಿ. ಕಿವಿ ಉಳಿಸಿಕೊಳ್ಳಿ.