ರಾಜೀನಾಮೆ ಪತ್ರಕ್ಕೆ ಸಹಿ ಹಾಕಿದ್ದೀರಾ? ಅದನ್ನ ಮೊದಲು ಹೇಳಿ

ಓಟಿ (ಹೆಚ್ಚುವರಿ ದುಡಿಮೆ) ದುಡ್ಡು ಕೇಳಿದ್ದಕ್ಕೆ ಮರುವಾರವೇ ಕೆಲಸದಿಂದ ತೆಗೆದರು, ‘ನಾಳೆ ಬಂದು ಲೆಕ್ಕ ಚುಕ್ತಾ ಮಾಡ್ಕೊಂಡು ಹೋಗಿ’ ಅಂದಿದ್ದಾರೆ, ಇದು ಕಾನೂನಿಗೆ ವಿರುದ್ಧವೇ ಅಂತ ಕೇಳಿದ್ದೀರಿ. ಓದಿ ಎದೆ ಝಲ್ಲೆಂದಿತು.

2017ರಲ್ಲಿ ನಾನು ದಾವಣಗೆರೆಯ ಹೊರವಲಯದ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಮಾಡ್ತಿದ್ದೆ. ನಾಲ್ಕು ವರ್ಷ ತುಂಬಿತ್ತು. ದಿನಾ ಒಂದೂವರೆ ತಾಸು ಜಾಸ್ತಿ ದುಡಿಸಿ, ಅದನ್ನ ಬೇರೆ ಪುಸ್ತಕದಲ್ಲಿ ಬರ್ಕೊಂಡು, ಸಂಬಳದಲ್ಲಿ ಕಾಣಿಸ್ತಿರಲಿಲ್ಲ. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕು ಅನ್ನೋದು ನಮ್ಮಪ್ಪ ಹೇಳಿ ಗೊತ್ತಿತ್ತು, ಅವರು ಕಾಟನ್ ಮಿಲ್ಲಿನಲ್ಲಿ ದುಡಿದವರು. ಶುಕ್ರವಾರ ಮ್ಯಾನೇಜರ್ ಹತ್ರ ಹೋಗಿ ಬಾಯಲ್ಲೇ ಕೇಳಿದೆ. ಸೋಮವಾರ ಗೇಟಿನಲ್ಲೇ ನಿಲ್ಲಿಸಿದರು.

ಆಮೇಲೆ ಆಫೀಸಿಗೆ ಕರೆದು ಕೂರಿಸಿದರು, ಟೀ ತರಿಸಿದರು. ‘ನೋಡಮ್ಮ, ತೆಗೆದ್ವಿ ಅಂತ ಬರೆದ್ರೆ ನಿನಗೇ ಕೆಟ್ಟ ಹೆಸರು. ನೀನೇ ಬಿಟ್ಟೆ ಅಂತ ಬರ್ಕೊಡು, ಪಿಎಫ್ ಬೇಗ ಆಗ್ತದೆ, ಸರ್ಟಿಫಿಕೇಟೂ ಕೊಡ್ತೀವಿ’ ಅಂದರು. ‘ನನ್ನ ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ’ ಅಂತ ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ತಾರೀಕು ಕೂಡ ಅವರು ಹೇಳಿದ್ದನ್ನೇ ಹಾಕಿದೆ, ನಾನು ದೂರು ಹೇಳಿದ ಹಿಂದಿನ ದಿನದ್ದು.

ನನ್ನನ್ನ ಮುಳುಗಿಸಿದ್ದು ಆ ಒಂದೇ ಸಾಲು. ನೀವೇ ಬಿಟ್ಟಿರಿ ಅಂದಮೇಲೆ ಯಾರೂ ನಿಮ್ಮನ್ನ ತೆಗೆದಿಲ್ಲ. ತೆಗೆದಿಲ್ಲ ಅಂದಮೇಲೆ ನೋಟಿಸೂ ಇಲ್ಲ, ಪರಿಹಾರವೂ ಇಲ್ಲ. ಬಲವಂತವಾಗಿ ಬರೆಸ್ಕೊಂಡ್ರು ಅನ್ನೋದನ್ನ ನಾವೇ ಸಾಬೀತು ಮಾಡಬೇಕು, ಆ ಕೋಣೆಯಲ್ಲಿ ನನ್ನ ಪರ ಒಬ್ಬರೂ ಇರಲಿಲ್ಲ. ಅವತ್ತೇ ಸಂಜೆ ‘ಒತ್ತಾಯಕ್ಕೆ ಬರೆದಿದ್ದು, ವಾಪಸ್ ತಗೊಂಡಿದ್ದೇನೆ’ ಅಂತ ರಿಜಿಸ್ಟರ್ ಪೋಸ್ಟ್ ಹಾಕಿದ್ದರೂ ಹಿಡ್ಕೊಳ್ಳೋಕೆ ಒಂದು ಕಡ್ಡಿ ಸಿಗ್ತಿತ್ತು. ನಾನು ಹಾಕಲಿಲ್ಲ. ಅವರು ಸರ್ಟಿಫಿಕೇಟ್ ಕೊಡ್ತಾರೆ ಅಂತ ಐದು ತಿಂಗಳು ಕಾದೆ. ಕೊನೆಗೆ ಕಾರ್ಮಿಕ ಇಲಾಖೆ ಕಚೇರಿಗೆ ಹೋದಾಗ ಅವರ ಕಡೆಯವರು ನನ್ನ ಕೈಬರಹವನ್ನೇ ಟೇಬಲ್ ಮೇಲಿಟ್ಟರು. ‘ಬರ್ಕೊಟ್ ಮೇಲೆ ಏನೈತವ್ವ’ ಅಂದು ಅಪ್ಪ ಎದ್ದು ಹೊರಗೆ ಹೋದರು.

ಬರೆಯದೇ ಇದ್ದಿದ್ರೆ? ವರ್ಷಕ್ಕೆ 240 ದಿನ ದುಡಿದವರನ್ನ ತೆಗೆಯೋಕೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜತೆಗೆ ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ನಾಲ್ಕು ವರ್ಷಕ್ಕೆ 60 ದಿನ. ಎಲ್ಲ ಸೇರಿ ಮೂರು ತಿಂಗಳ ಸಂಬಳ ಅದು. ಇದನ್ನ ಕೊಡದೆ ತೆಗೆದಿದ್ದರೆ ಕೆಲಸ ವಾಪಸ್ ಕೊಡಿ ಅಂತಲೂ ಕೇಳಬಹುದಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ದೂರಿದ್ದಕ್ಕೆ ತೆಗೆದರು ಅನ್ನೋದೊಂದನ್ನೇ ಹಿಡ್ಕೊಂಡು ಕೂರಬೇಡಿ. ಸೇಡಿಗಾಗಿ ತೆಗೆಯೋದು ಕಾನೂನಿನಲ್ಲಿ ತಪ್ಪೇ, ಆದರೆ ಮ್ಯಾನೇಜರ್ ಮನಸ್ಸಿನಲ್ಲಿ ಏನಿತ್ತು ಅಂತ ತೋರಿಸೋದು ಬಲು ಕಷ್ಟ. ಹೇಗೆ ತೆಗೆದರು ಅನ್ನೋದನ್ನ ಹಿಡೀರಿ. ನೀವು ತಪ್ಪು ಮಾಡಿದ್ರಿ ಅಂತ ಅವರು ಹೇಳಿದರೆ ವಿಚಾರಣೆ ನಡೆಸಿರಬೇಕು. ತಪ್ಪಿಲ್ಲ ಅಂದರೆ ನೋಟಿಸು, ಪರಿಹಾರ ಕೊಟ್ಟಿರಬೇಕು. ಎರಡೂ ಇಲ್ಲ ಅಂದರೆ ಅವರೇ ಸಿಕ್ಕಿಬಿದ್ದ ಹಾಗೆ. ನೀವು ಅಂಗಡಿ, ಶೋರೂಮಿನಲ್ಲಿದ್ದರೂ ಆರು ತಿಂಗಳು ದಾಟಿದ್ದರೆ 1961ರ ಕರ್ನಾಟಕದ ಅಂಗಡಿಗಳ ಕಾಯ್ದೆಯಲ್ಲಿ ಸರಿಯಾದ ಕಾರಣ ಬೇಕೇ ಬೇಕು, ನಿಮ್ಮ ತಪ್ಪಿಲ್ಲದಿದ್ದರೆ ತಿಂಗಳ ನೋಟಿಸು ಅಥವಾ ಅದರ ಸಂಬಳವೂ ಬೇಕು.

ನನ್ನ ಕಾಲಕ್ಕೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಇತ್ತು, ತೆಗೆದ ದಿನದಿಂದ ದೂರು ಕೊಡೋಕೆ ಮೂರು ವರ್ಷದ ಗಡುವಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಅನ್ನೋ ಹೊಸ ಕಾನೂನು ಬಂದಿದೆ, ಗಡುವು ಎರಡೇ ವರ್ಷ. ನನ್ನ ಹಾಗೆ ಕಾಯಬೇಡಿ. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನ ಕೊಡ್ತಾರೆ. ಇದು ನನಗೆ ಆಗ ಗೊತ್ತಿರಲಿಲ್ಲ.

ನಾಳೆ ಒಬ್ಬರೇ ಹೋಗಬೇಡಿ, ಮನೆಯವರನ್ನ ಯಾರನ್ನಾದರೂ ಕರ್ಕೊಂಡು ಹೋಗಿ. ಬರಬೇಕಾದ ಸಂಬಳ ಬ್ಯಾಂಕಿಗೇ ಹಾಕಿ ಅನ್ನಿ. ಖಾಲಿ ಹಾಳೆ ಮುಂದಿಟ್ಟರೆ ಪೆನ್ನು ಮುಟ್ಟಬೇಡಿ, ಟೀ ಕುಡಿಸಿದರೂ ಸರಿ. ಹಾಜರಾತಿ ಕಾರ್ಡು, ಸಂಬಳದ ಚೀಟಿ, ಅವರು ಕಳಿಸಿದ ಮೆಸೇಜು ಎಲ್ಲ ಇವತ್ತು ರಾತ್ರಿಯೇ ಫೋಟೊ ತೆಗೆದಿಟ್ಕೊಳ್ಳಿ. ಈಗಾಗಲೇ ಏನಾದರೂ ಬರೆದುಕೊಟ್ಟಿದ್ದರೆ ಇಲ್ಲೇ ಕೆಳಗೆ ಹೇಳಿ, ವಾಪಸ್ ಪಡೆಯೋ ಪತ್ರ ಹೇಗೆ ಬರೆಯಬೇಕು ಅಂತ ನಾನು ಕೂತು ಬರೆದು ಕಳಿಸ್ತೀನಿ.