ಬೋಲ್ಟಿನ ಮೇಲೊಂದು ಬಣ್ಣದ ಗೆರೆ

ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಇವರು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡುತ್ತಾರೆ. ವಯಸ್ಸು ಮೂವತ್ತರ ಆಸುಪಾಸು. ಕರೆದುಕೊಂಡು ಬಂದವರು ಹೆಂಡತಿ. ನಿದ್ದೆ ಸರಿಯಿಲ್ಲ, ಊಟ ಮಾಡ್ತಾ ಮಾಡ್ತಾ ಎದ್ದು ಬಂದರಿಗೆ ಓಡುತ್ತಾರೆ ಎಂದರು.

ಹಿಂದಿನ ವರ್ಷ ಇವರು ರಿಪೇರಿ ಮಾಡಿದ ಎಂಜಿನ್ ಸಮುದ್ರದಲ್ಲಿ ಬಿಸಿಯಾಗಿ ನಿಂತುಬಿಟ್ಟಿತ್ತು. ಇನ್ನೊಂದು ಬೋಟು ಎಳೆದು ತಂದಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಮುಗಿದ ಕೆಲಸವನ್ನೇ ಮತ್ತೆ ಬಿಚ್ಚಿ ನೋಡುವುದು ಶುರುವಾಯ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ದೊಡ್ಡ ರಿಪೇರಿಯೆಲ್ಲ ಆ 61 ದಿನಗಳಲ್ಲೇ ಆಗಬೇಕು. ಆಗಸ್ಟ್ ಹತ್ತಿರ ಬಂದಂತೆ ಎಲ್ಲ ಬೋಟ್ ಯಜಮಾನರಿಗೂ ಅರ್ಜೆಂಟು.

"ನಿಧಾನ ಮಾಡಿದರೆ ಬೈಗುಳ, ಬೇಗ ಮಾಡಿದರೆ ಭಯ" ಎಂದರು.

ಇವರು ನಿಧಾನದ ಮನುಷ್ಯರಲ್ಲ. ಕೈ ಚುರುಕಾಗಿಯೇ ಇದೆ, ಹೊತ್ತು ಹೋಗುತ್ತಿದ್ದುದು ಭಯಕ್ಕೆ. ಹೆಡ್ ಬೋಲ್ಟನ್ನು, ಅಂದರೆ ಎಂಜಿನ್ನಿನ ಮೇಲ್ಭಾಗವನ್ನು ಹಿಡಿದಿಡುವ ಬೋಲ್ಟನ್ನು, ಜಾಸ್ತಿ ಬಿಗಿದರೆ ಅದು ಎಳೆದುಕೊಂಡು ಹಿಡಿತ ಕಳೆದುಕೊಳ್ಳುತ್ತದೆ ಎಂದು ನನಗೆ ಹೇಳಿಕೊಟ್ಟವರೇ ಇವರು. ಹಾಗಾದರೆ ಮತ್ತೆ ಮತ್ತೆ ಬಿಗಿಯುವುದೂ ಅಪಾಯವೇ ಅಲ್ವಾ ಎಂದು ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ.

ಸಮುದ್ರದಲ್ಲಿ ಕೆಟ್ಟರೆ ಅಲ್ಲೇ ಸರಿಮಾಡಲು ಆಗದ್ದು ಯಾವುದು ಎಂದು ಅವರ ಕೈಯಲ್ಲೇ ಬರೆಸಿದೆ. ಹೆಡ್ ಗ್ಯಾಸ್ಕೆಟ್ (ಆ ಮೇಲ್ಭಾಗದ ಕೆಳಗೆ ಸೋರದಂತೆ ಇಡುವ ಹಾಳೆ), ನೀರಿನ ಮಟ್ಟದ ಕೆಳಗಿನ ವಾಲ್ವು, ಪೈಪಿನ ಕ್ಲ್ಯಾಂಪು. ಇಲ್ಲಿ ಯಾರು ಕೂಗಿದರೂ ಅವಸರ ಬೇಡ. ಪೇಂಟು, ಕವರು, ಸೀಟು, ಇವೆಲ್ಲ ಸುಮ್ನೆ ಬೇಗ ಮುಗಿಸಿಬಿಡಿ ಎಂದೆ. ಬೋಲ್ಟನ್ನು ಟಾರ್ಕ್ ಪಾನಾದಲ್ಲಿ (ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಪಾನಾ) ನಿಗದಿಯಾದಷ್ಟೇ ಬಿಗಿದು, ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಗೆರೆ ಎಳೆಯಬೇಕು. ಅನುಮಾನ ಬಂದರೆ ಗೆರೆ ಸರಿದಿದೆಯಾ ಅಂತ ಕಣ್ಣಿನಿಂದ ನೋಡಿ. ಸರಿದಿಲ್ಲವಾದರೆ ಪಾನಾ ಮುಟ್ಟುವಂತಿಲ್ಲ. ಮೊದಮೊದಲು ಚಡಪಡಿಕೆ ಹೆಚ್ಚುತ್ತದೆ, ತಡೆದುಕೊಂಡರೆ ತಾನೇ ಇಳಿಯುತ್ತದೆ. ಇದನ್ನು ಮುಂಚೆಯೇ ಹೇಳಿಟ್ಟೆ, ಇಲ್ಲದಿದ್ದರೆ ಜನ ಮಧ್ಯದಲ್ಲೇ ಬಿಟ್ಟುಬಿಡುತ್ತಾರೆ.

ಎಂಜಿನ್ ಬಿಚ್ಚಿ ನೋಡುವ ಮೊದಲು ಯಾವ ಯಜಮಾನರಿಗೂ ಕೆಲಸ ಮುಗಿಸಿಕೊಡುವ ದಿನ ಹೇಳಬೇಡಿ ಎಂದೂ ಹೇಳಿದೆ. ಇದಕ್ಕೆ ಒಬ್ಬರು ಮುನಿಸಿಕೊಂಡು ಬೇರೆ ಮೆಕ್ಯಾನಿಕ್ ಹತ್ತಿರ ಹೋದರಂತೆ. ಹೋಗಲಿ.

ನಿದ್ದೆ ಈಗ ಪರವಾಗಿಲ್ಲ. ಇದೇ ಪರೀಕ್ಷಿಸುವ ಚಟ ಮನೆಯ ಗ್ಯಾಸು, ಬೀಗಕ್ಕೂ ಹಬ್ಬಿದರೆ ಮನೋವೈದ್ಯರನ್ನು ನೋಡಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡುತ್ತಾರೆ.